ಮಳೆಯ ಲೆಕ್ಕ ನುಂಗುತ್ತಿದ್ದ ಸೆನ್ಸರ್ ಸಾಲು: ನನ್ನ ಅನುಭವ

ಈ ಜುಲೈನಲ್ಲಿ ನಮ್ಮ ತೋಟದ ಮಳೆಮಾಪಕದಿಂದ ಐದು ನಿಮಿಷಕ್ಕೊಂದರಂತೆ ದಿನಕ್ಕೆ 288, ತಿಂಗಳಿಗೆ ಒಂಬತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ ರೀಡಿಂಗ್‌ಗಳು ಬರಬೇಕಿತ್ತು. ತಪ್ಪಿದ್ದು ಹತ್ತೋ ಹನ್ನೊಂದೋ. ಹಿಂದಿನ ವರ್ಷ ಇದೇ ತಿಂಗಳಲ್ಲಿ ದಿನವೊಂದಕ್ಕೇ ಅರವತ್ತು ಎಪ್ಪತ್ತು ತಪ್ಪುತ್ತಿದ್ದವು. "ಹಿತ್ತಾಳೆಯ ಮಾಪಕ, ಒಂದು ಪುಸ್ತಕ, ಇಷ್ಟಿದ್ದರೆ ಸಾಕು ಮಾರಾಯ, ಈ ಡಬ್ಬಿಗಳನ್ನೆಲ್ಲ ಕಿತ್ತುಹಾಕು" ಎಂದು ಪಕ್ಕದ ತೋಟದ ಹಿರಿಯರು ಹೇಳಿದ್ದರು. ಸಾಲು ಹಾಕಿಕೊಟ್ಟವರು ಪ್ರತಿ ಸಲವೂ ಹೊಸ ಡಬ್ಬಿಯನ್ನೇ ಮದ್ದೆಂದು ಹೇಳುತ್ತಿದ್ದರು. ದೋಷ ಯಾವ ಡಬ್ಬಿಯಲ್ಲೂ ಇರಲಿಲ್ಲ.

ತೋಟ ಕೊಡಗಿನ ಸುಂಟಿಕೊಪ್ಪದ ಕಡೆಯದು, ರೊಬಸ್ಟಾ ಕಾಫಿ. ಸೆನ್ಸರುಗಳ ರೀಡಿಂಗ್‌ಗಳನ್ನು ಕೇಳಿ ಪಡೆದು ಕಂಪ್ಯೂಟರಿಗೆ ದಾಟಿಸುವ ಗೇಟ್‌ವೇ ಆಫೀಸಿನಲ್ಲಿದೆ, ಅಲ್ಲಿಂದ ಕೆರೆಯ ಪಂಪ್‌ಹೌಸಿನವರೆಗೆ ಸುಮಾರು 700 ಮೀಟರ್ ಆರ್‌ಎಸ್-485 ಕೇಬಲ್ (ಒಂದೇ ಜೋಡಿ ತಂತಿಯಲ್ಲಿ ಹಲವು ಉಪಕರಣ ಸರದಿಯಂತೆ ಮಾತಾಡುವ ವ್ಯವಸ್ಥೆ), ಅದರಲ್ಲಿ ಆರು ಉಪಕರಣ. ನೆರಳು ಮರಗಳಿಲ್ಲದ ಬಯಲು ಕೆರೆ ಏರಿಯ ಮೇಲೆ ಮಾತ್ರ ಇದ್ದುದರಿಂದ ಮಳೆಮಾಪಕವನ್ನು ತುದಿಯಲ್ಲೇ ನಿಲ್ಲಿಸಬೇಕಾಯಿತು.

ಮೊದಲು ಗೇಟ್‌ವೇ ಬದಲಾಯಿಸಿದೆ, ಹದಿನೆಂಟು ಸಾವಿರ ಹೋಯಿತು. ಆಮೇಲೆ ಮಳೆಮಾಪಕ, ಒಂಬತ್ತು ಸಾವಿರ. ಬಾಡ್ ದರವನ್ನು, ಅಂದರೆ ಸಾಲಿನಲ್ಲಿ ಸಂಕೇತ ಸಾಗುವ ವೇಗವನ್ನು, 9600ರಿಂದ 2400ಕ್ಕೆ ಇಳಿಸಿದಾಗ ತುಸು ಸುಧಾರಿಸಿತು, ಆದರೆ ಮೊದಲ ಜೋರು ಮಳೆಗೆ ಮತ್ತೆ ಹಳೆಯ ಕಥೆ. ಕೇಬಲ್ಲಿನ ಗೊಡವೆಯೇ ಬೇಡವೆಂದು ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಮಾತಾಡುವ, 865 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ ಜೋಡಿಯನ್ನು ತರಿಸಿದೆ. ಬಯಲಿನಲ್ಲಿ ಅದು ಚೆನ್ನಾಗಿಯೇ ಮಾತಾಡಿತು. ಇಳಿಜಾರಿನಲ್ಲಿ, ಸಿಲ್ವರ್ ಓಕ್ ಮತ್ತು ಒದ್ದೆ ಕಾಫಿ ಗಿಡಗಳ ನಡುವೆ, ಮುನ್ನೂರು ಮೀಟರಿಗೇ ಸೋತಿತು. ಆ ಜೋಡಿ ಈಗ ಕಣದಲ್ಲಿ ಒಣಗುವ ಕಾಳುಮೆಣಸಿನ ಪಕ್ಕದ ಉಷ್ಣತೆಯನ್ನು ತಿಳಿಸುತ್ತಿದೆ. ಅದರಿಂದ ಲಾಭವೇನೂ ಇಲ್ಲ, ನೋಡಲು ಖುಷಿ. ಎಲ್ಲ ಸೇರಿ ನಲವತ್ತು ಸಾವಿರದಷ್ಟು ಕೈಬಿಟ್ಟಿತು.

ಊರಿಗೆ ಮರಳುವ ಮೊದಲು ನಾನು ಹನ್ನೊಂದು ವರ್ಷ ಹಡಗುಗಳ ವಿದ್ಯುತ್ ವಿಭಾಗದಲ್ಲಿದ್ದೆ. ಆಗೊಮ್ಮೆ ಕೊಚ್ಚಿಯಲ್ಲಿ ಸ್ನೇಹಿತರ ಹಾಯಿದೋಣಿಯಲ್ಲಿ ಗಾಳಿ, ಆಳ, ವೇಗದ ಅಂಕಿಗಳು ಪರದೆಯಿಂದ ಆಗಾಗ ಮಾಯವಾಗುತ್ತಿದ್ದವು. ಅದು ಎನ್‌ಎಂಇಎ 2000, ದೋಣಿಯ ಉಪಕರಣಗಳನ್ನು ಒಂದೇ ಕೇಬಲ್ಲಿಗೆ ಜೋಡಿಸುವ ಜಾಲ. ಇಂಥ ಸಾಲುಗಳಲ್ಲಿ ಸಂಕೇತ ತುದಿಗೆ ಬಡಿದು ಮರಳದಂತೆ ಎರಡು ತುದಿಗಳಲ್ಲಿ ಮಾತ್ರ ಒಂದೊಂದು ರೆಸಿಸ್ಟರ್ ಇರಬೇಕು. ವಿದ್ಯುತ್ ತೆಗೆದು ಸಂಕೇತದ ಬಿಳಿ ಮತ್ತು ನೀಲಿ ತಂತಿಗಳ ನಡುವೆ ಅಳೆದರೆ, ಎರಡು ತುದಿಗಳ 120 ಓಮ್ ರೆಸಿಸ್ಟರ್‌ಗಳು ಸೇರಿ 60 ತೋರಿಸಬೇಕು. ಅಲ್ಲಿ 120 ತೋರಿಸಿತು. ಹಾಯಿಕಂಬದ ತುದಿಯಲ್ಲಿದ್ದ ರೆಸಿಸ್ಟರ್ ಸಡಿಲವಾಗಿತ್ತು. ಅಷ್ಟು ಗೊತ್ತಿದ್ದೂ ಸ್ವಂತ ತೋಟದಲ್ಲಿ ಒಂದೂವರೆ ವರ್ಷ ಮಲ್ಟಿಮೀಟರನ್ನು ಹೊರತೆಗೆಯದೆ ಡಬ್ಬಿಗಳಿಗೆ ದುಡ್ಡು ಸುರಿದೆನಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ.

ಗೇಟ್‌ವೇಯನ್ನು ಬಿಡಿಸಿ, ವಿದ್ಯುತ್ ತೆಗೆದು, ಆಫೀಸಿನ ತುದಿಯಿಂದ ಸಂಕೇತದ ಎ ಮತ್ತು ಬಿ ತಂತಿಗಳ ನಡುವೆ ಅಳೆದೆ. ದೋಣಿಯ ಲೆಕ್ಕ ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ: ಅರ್ಧ ಚದರ ಮಿಲಿಮೀಟರ್ ತಂತಿ 700 ಮೀಟರ್ ಹೋಗಿ ಬರುವಷ್ಟರಲ್ಲಿ ತಾನೇ 55 ಓಮ್‌ನಷ್ಟು ಸೇರಿಸುವುದರಿಂದ, ಎರಡೂ ತುದಿಗಳ ರೆಸಿಸ್ಟರ್ ಸರಿಯಿದ್ದರೆ 60ರ ಬದಲು 70ರ ಆಸುಪಾಸು ಬರಬೇಕು. ನನಗೆ ಬಂದದ್ದು 52. ಎಲ್ಲೋ ನಡುವೆ ಮೂರನೆಯ ರೆಸಿಸ್ಟರೊಂದು ಕುಳಿತಿದೆ ಎಂದು ಅಲ್ಲಿಯೇ ಹೊಳೆಯಿತು. ಒಂದೊಂದೇ ಉಪಕರಣವನ್ನು ಬಿಡಿಸುತ್ತ ಇಳಿದರೆ, ನಡುದಾರಿಯ ಮಣ್ಣಿನ ತೇವದ ಸೆನ್ಸರಿನೊಳಗೆ ಅದರದೇ ರೆಸಿಸ್ಟರನ್ನು ಸಾಲಿಗೆ ಸೇರಿಸುವ ಪುಟ್ಟ ಸ್ವಿಚ್ಚು ಆನ್ ಆಗಿತ್ತು. ಅದನ್ನು ಆಫ್ ಮಾಡಿದೆ, ಖರ್ಚು ಸೊನ್ನೆ. ಸಂಕೇತವನ್ನು ಹಾಗೆಯೇ ಹಿಂದಕ್ಕೆ ಮರಳಿಸುವ, ಮೂವತ್ತು ಮೀಟರಿನ ಎರಡು ಕವಲುಗಳನ್ನೂ ತೆಗೆದು, ಸಾಲು ಸೆನ್ಸರಿನವರೆಗೇ ಹೋಗಿ ಮರಳುವಂತೆ ಮಾಡಿದೆ. ಕೇಬಲ್ ಕೂಡುವಲ್ಲಿನ ಡಬ್ಬಿಗಳೊಳಗೆ ನೀರಿಳಿಯದಂತೆ ಏನು ತುಂಬಿದೆನೆಂಬುದನ್ನು ಮಾತ್ರ ಬರೆಯುವುದಿಲ್ಲ. ಎರಡು ಮಳೆಗಾಲ ಹಾಳು ಮಾಡಿಕೊಂಡು ಕಲಿತದ್ದು.

ಇಷ್ಟಾದರೂ ಬೆಳಗಿನ ಜಾವ ಮೂರರಿಂದ ಏಳರವರೆಗೆ ಕೆರೆಯ ತುದಿಯ ಉಪಕರಣಗಳು ಮೂಕವಾಗುತ್ತಿದ್ದವು. ಟಾರ್ಚ್ ಹಿಡಿದು, ಜಿಗಣೆ ಕಚ್ಚಿಸಿಕೊಂಡು, ಐದು ಗಂಟೆಗೆ ಹೋಗಿ ಅಳೆದೆ. ಮೋಡದ ದಿನಗಳಲ್ಲಿ ಸೋಲಾರ್ ಬ್ಯಾಟರಿ ಆಫೀಸಿನಲ್ಲೇ 11.6 ವೋಲ್ಟಿಗೆ ಇಳಿದಿರುತ್ತಿತ್ತು. ಅಷ್ಟು ತೆಳು ತಂತಿಯನ್ನು ದಾಟಿ ಕೆರೆಯನ್ನು ತಲುಪುವಾಗ ಉಳಿಯುತ್ತಿದ್ದುದು ಸುಮಾರು 8. ಸೆನ್ಸರುಗಳಿಗೆ ಕನಿಷ್ಠ 9 ಬೇಕು, 30ರವರೆಗೆ ತಡೆಯುತ್ತವೆ. ಮುನ್ನೂರೈವತ್ತು ರೂಪಾಯಿಯ ಕನ್ವರ್ಟರಿನಿಂದ ಸಾಲಿಗೆ 24 ವೋಲ್ಟ್ ಕೊಟ್ಟ ಮೇಲೆ ಆ ಮೌನ ಮುಗಿಯಿತು.

ಕೊನೆಗೆ ಉಳಿದದ್ದು ಮಳೆಯ ಮೊತ್ತ. ತೋಟದ ಲೆಕ್ಕ ಬರೆಯುವ ರೈಟರ್ ಬೆಳಿಗ್ಗೆ ಎಂಟೂವರೆಗೆ ಹಿತ್ತಾಳೆ ಮಾಪಕ ನೋಡಿ 4 ಇಂಚು 20 ಸೆಂಟ್ (ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು) ಎಂದು ಬರೆದ ದಿನ ಕಂಪ್ಯೂಟರ್ 3 ಇಂಚು ಚಿಲ್ಲರೆ ತೋರಿಸಿದ್ದುಂಟು. ಸೆನ್ಸರ್ ಮಳೆಮಾಪಕದೊಳಗಿನ ಪುಟ್ಟ ಬಕೆಟ್ ತುಂಬಿ ಒಮ್ಮೆ ಮಗುಚಿದರೆ 0.2 ಮಿಲಿಮೀಟರ್, ಅಂದರೆ ಇಂಚಿಗೆ 127 ಮಗುಚು. ಆ ಎಣಿಕೆಯನ್ನು ಓದಿದ ಕೂಡಲೇ ಮಾಪಕ ತನ್ನನ್ನು ಸೊನ್ನೆ ಮಾಡಿಕೊಳ್ಳುವಂತೆ ಹೊಂದಿಸಿದ್ದರು. ಉತ್ತರ ದಾರಿಯಲ್ಲಿ ಕೆಟ್ಟರೆ ಆ ಐದು ನಿಮಿಷದ ಮಳೆ ಇಲ್ಲವೇ ಇಲ್ಲ! ಒಟ್ಟು ಎಣಿಕೆಯನ್ನೇ ಓದಿ ಹಿಂದಿನದನ್ನು ಕಳೆಯುವಂತೆ, ಎಣಿಕೆಯ ಮಿತಿಯಾದ 65535 ದಾಟಿದಾಗ ಮತ್ತೆ ಸೊನ್ನೆಯಿಂದ ಎಣಿಸುವುದನ್ನೂ ಗಮನಿಸುವಂತೆ ಬದಲಿಸಿದೆ. ಈಗ ಒಂದು ರೀಡಿಂಗ್ ತಪ್ಪಿದರೂ ಮುಂದಿನದು ಅದರ ಮಳೆಯನ್ನು ಹೊತ್ತು ತರುತ್ತದೆ.

ಜುಲೈನ ಒಟ್ಟು ಮೊತ್ತದಲ್ಲಿ ಪುಸ್ತಕಕ್ಕೂ ಕಂಪ್ಯೂಟರಿಗೂ ಇದ್ದ ವ್ಯತ್ಯಾಸ ಒಂದು ಇಂಚಿಗೂ ಕಡಿಮೆ. ಹಿರಿಯರು ಬಂದು ಎರಡನ್ನೂ ಹೋಲಿಸಿ, ಕನ್ನಡಕ ಒರೆಸಿಕೊಂಡು, ಹಿತ್ತಾಳೆಯದೇ ಸರಿಯಿರಬೇಕು ಎಂದರು. ಏಪ್ರಿಲ್‌ನ ಸಿಡಿಲಿಗೆ ಮಾತ್ರ ನನ್ನಲ್ಲಿ ಇನ್ನೂ ಉಪಾಯವಿಲ್ಲ. ಸಂಜೆ ಮೋಡ ಗುಡುಗಿದರೆ ರೈಟರ್ ಓಡಿಹೋಗಿ ಗೇಟ್‌ವೇಯಿಂದ ಕೇಬಲ್ ಕಿತ್ತಿಡುತ್ತಾರೆ.