ರಾತ್ರಿ ಪಾಳಿಯ ತ್ರೀ ಫೇಸಿನಿಂದ ನನ್ನ ನಿದ್ರೆಯನ್ನು ಬಿಡಿಸಿಕೊಂಡ ಬಗೆ

ಬೋರಿನ ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಎದ್ದು ಗೇಟ್ ವಾಲ್ವ್ ತಿರುಗಿಸುವವರಿಗೆ ಆ ಬವಣೆಯನ್ನು ವಿವರಿಸಬೇಕಾಗಿಲ್ಲ. ತಿಪಟೂರು ಸೀಮೆಯ ನನ್ನ ಎರಡೂವರೆ ಎಕರೆ ತೋಟಕ್ಕೆ ಹತ್ತು ಹನ್ನೊಂದು ವರ್ಷ ಹಾಗೆಯೇ ನೀರು ಹಾಯಿಸಿದ್ದೇನೆ. ಪಾಳಿ ವಾರದಲ್ಲಿ ಸಿಗುತ್ತಿದ್ದ ನಿದ್ರೆ ನಾಲ್ಕು ಗಂಟೆ, ಅದೂ ಎರಡು ತುಂಡಾಗಿ. ರಕ್ತದೊತ್ತಡ 150 ದಾಟಿದಾಗ ವೈದ್ಯರು ಉಪ್ಪಿನ ವಿಚಾರ ಮುಗಿಸಿ ನಿದ್ರೆಯ ವಿಚಾರಕ್ಕೆ ಬಂದರು: ಮಲಗಿದಾಗ ಇಳಿಯಬೇಕಾದ ಒತ್ತಡ, ಮಲಗದವನಲ್ಲಿ ಇಳಿಯುವುದಾದರೂ ಯಾವಾಗ ಎಂದು ಕೇಳಿದರು. ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು, ಡೇರಿಗೆ ಹಾಲು ಒಯ್ಯುವಾಗ ಬೈಕಿನ ಮೇಲೆಯೇ ಕಣ್ಣು ಮುಚ್ಚಿ, ರಸ್ತೆಯಂಚಿನ ಜಲ್ಲಿಯಲ್ಲಿ ಚಕ್ರ ಕರಕರ ಎಂದಾಗಲೇ ಎಚ್ಚರವಾದದ್ದು. ಸತತ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಕುಸಿಯುತ್ತದೆ. ನಮ್ಮಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿಯೇ ಶೇ. 0.03. ಒಂದು ಹನಿಯನ್ನೂ ಮುಟ್ಟದ ನಾನು ಎಷ್ಟು ಬೆಳಗುಗಳಲ್ಲಿ ಆ ಮಿತಿಯನ್ನು ದಾಟಿದ್ದೆನೋ.

ಮೊದಲು ಹಗಲು ಮಲಗಿ ಸರಿದೂಗಿಸಲು ನೋಡಿದೆ. ಹತ್ತು ಗಂಟೆಯ ಬಿಸಿಲು, ಪಕ್ಕದ ಹೊಲದ ಟ್ರ್ಯಾಕ್ಟರ್, ಕೂಲಿಯವರ ಕರೆ, ಇವುಗಳ ನಡುವೆ ಎರಡು ಗಂಟೆಗಿಂತ ಹೆಚ್ಚು ನಿದ್ರೆ ಹತ್ತಲಿಲ್ಲ. ಆಮೇಲೆ ಕರೆಂಟು ಬಂದೊಡನೆ ಮೋಟಾರನ್ನು ತಾನೇ ಓಡಿಸುವ ಆಟೋ ಸ್ಟಾರ್ಟರ್ ಕೂರಿಸಿದೆ. ಬೋರಿನಲ್ಲಿ ನೀರು ಇಳಿದಿದ್ದ ಒಂದು ರಾತ್ರಿ ಮೋಟಾರು ನೀರಿಲ್ಲದೆ ಓಡಿ ಸುಟ್ಟಿತು, ಮೇಲೆತ್ತುವುದಕ್ಕೂ ರೀವೈಂಡಿಂಗಿಗೂ ಸೇರಿ 14 ಸಾವಿರ ಹೋಯಿತು. ಫೋನಿನಿಂದ ಮೋಟಾರು ನಡೆಸುವ ಮೊಬೈಲ್ ಸ್ಟಾರ್ಟರ್ ಇನ್ನೂ ಕೆಟ್ಟದ್ದು: ಕರೆಂಟು ಕಣ್ಣು ಮಿಟುಕಿಸಿದಾಗಲೆಲ್ಲ ದಿಂಬಿನಡಿಯ ಫೋನು ಬಡಿದುಕೊಳ್ಳುತ್ತಿತ್ತು. ಹೊಲಕ್ಕೆ ಹೋಗದೆಯೂ ನಿದ್ರೆಗೆಡುವುದನ್ನು ಕಲಿತೆ.

ಕೊನೆಗೆ ತೋಟದ ಮೇಲ್ತುದಿಯಲ್ಲಿ ಹೊಂಡ ತೋಡಿಸಿದೆ. 25 ಅಡಿ ಉದ್ದ, ಅಷ್ಟೇ ಅಗಲ, 8 ಅಡಿ ಆಳ. ಬದಿಯ ಇಳಿಜಾರು ಕಳೆದರೆ ಲಕ್ಷ ಲೀಟರಿನ ಸುಮಾರು. ಜೆಸಿಬಿ, ನೀರು ಇಂಗದಂತೆ ಹಾಸುವ ಪ್ಲಾಸ್ಟಿಕ್ ಹಾಳೆ, ಪೈಪು, ಸುತ್ತಲ ತಂತಿಬೇಲಿ ಎಲ್ಲ ಸೇರಿ 60 ಸಾವಿರ ದಾಟಿತು. ರಾತ್ರಿ ಮೋಟಾರು ತಾನೇ ಹೊಂಡ ತುಂಬಬೇಕು, ಹಗಲು ನೀರು ಇಳಿಜಾರಿನಲ್ಲಿ ತಾನೇ ಹರಿಯಬೇಕು, ನಾನು ಮಲಗಬೇಕು, ಇದಿಷ್ಟೇ ಲೆಕ್ಕ. ನಿದ್ದೆ ಮಾಡಲು ಹೊಂಡ ತೋಡಿಸಿದವನೆಂದು ಊರಲ್ಲಿ ನಗಾಡಿದರು. ಮೊದಲ ತಿಂಗಳು ಅವರದೇ ಸರಿಯೆನಿಸಿತು: ಹನ್ನೆರಡು ಅಡಿ ಎತ್ತರದ ಒತ್ತಡಕ್ಕೆ ಹನಿ ನೀರಾವರಿಯ ಡ್ರಿಪ್ಪರುಗಳು ನೀರು ಉಗುಳಲಿಲ್ಲ, ಕೊನೆಯ ಸಾಲಿನ ಅಡಿಕೆ ಸೋಗೆ ಜೋತುಬಿತ್ತು. ಡ್ರಿಪ್ಪರು ಕಿತ್ತು ಮೈಕ್ರೋಟ್ಯೂಬ್ ಎಂಬ ಸಣ್ಣ ಕೊಳವೆ ಹಾಕಿದ ಮೇಲೆ ಸರಿಹೋಯಿತು. ಎಲ್ಲ ಸಾಲಿಗೂ ಸಮನಾಗಿ ಬರಲು ಟ್ಯೂಬಿನ ಉದ್ದವನ್ನು ಹೇಗೆ ಬದಲಿಸಿದೆನೆಂಬುದನ್ನು ತೋಟಕ್ಕೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಬೋರಿನಲ್ಲಿ ನೀರಿಲ್ಲದಾಗ ಮೋಟಾರನ್ನು ನಿಲ್ಲಿಸುವ ಸಾಧನಕ್ಕೆ ಮಾತ್ರ ಜಿಪುಣತನ ಮಾಡಬೇಡಿ.

ಹೊಂಡವಿದ್ದರೂ ಎರಡು ಗಂಟೆಗೆ ಎಚ್ಚರವಾಗುವ ಚಾಳಿ ತಕ್ಷಣ ಬಿಡಲಿಲ್ಲ. ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಮಲಗಿದ ಗಂಟೆಗಳನ್ನೂ ಬರೆಯತೊಡಗಿದೆ. ಸಂಜೆಯ ಕಾಫಿ ಕುಡಿದ ದಿನಗಳಲ್ಲಿ ಅಂಕಿ ಒಂದು ಗಂಟೆ ಕಡಿಮೆಯಿರುವುದು ಕಂಡು ನಾಲ್ಕರ ಮೇಲೆ ಕಾಫಿ ಬಿಟ್ಟೆ. ಭಾನುವಾರ ಒಂಬತ್ತರವರೆಗೆ ಮಲಗಿ ನೋಡಿದೆ, ಸೋಮವಾರದ ರಾತ್ರಿ ಹಾಳಾಯಿತು. ಈಗ ಪ್ರತಿದಿನ ಐದೂವರೆಗೇ ಏಳುತ್ತೇನೆ, ಏಳು ಗಂಟೆಯ ನಿದ್ರೆ ಹೆಚ್ಚುಕಡಿಮೆ ತಪ್ಪುವುದಿಲ್ಲ. ರಕ್ತದೊತ್ತಡ 130ರ ಆಸುಪಾಸಿದೆ. ಮಾತ್ರೆ ನಿಂತಿಲ್ಲ, ವೈದ್ಯರೇ ಪ್ರಮಾಣವನ್ನು ಅರ್ಧಕ್ಕಿಳಿಸಿದ್ದಾರೆ. ಮೊದಲು ನಕ್ಕವರಲ್ಲಿ ಇಬ್ಬರು ಟೇಪು ಹಿಡಿದು ಬಂದು ಹೊಂಡ ಅಳೆದುಕೊಂಡು ಹೋಗಿದ್ದಾರೆ. ಹಾಳೆಯ ಒಂದು ಮೂಲೆಯನ್ನು ಇಲಿ ಕಡಿದಿದೆ, ಬೇಸಿಗೆಗೆ ಮೊದಲು ಬೆಸುಗೆ ಹಾಕಿಸಬೇಕು.