ಎಂ.ಎ. ಮುಗಿದ ಮೇಲೆ ಥಾಯ್ಲೆಂಡಿನ ತರಗತಿಗೆ: ನಾನು ನಡೆಸಿದ ಸಿದ್ಧತೆ

ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಹುಡುಕುವಾಗ ಅಂಕಪಟ್ಟಿಗಿಂತ ಮೊದಲು ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್. ದಕ್ಷಿಣ ಕೊರಿಯಾ ಇಂಗ್ಲಿಷ್ ಶಿಕ್ಷಕರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ನಾಗರಿಕರಿಗೆ ಮೀಸಲು. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಿಂದ ನಮಗೂ ಒಂದು ದಾರಿ ತೆರೆದಿದೆಯಾದರೂ ಅದಕ್ಕೆ ಪದವಿಯ ಜೊತೆಗೆ ಶಿಕ್ಷಕ ಅರ್ಹತೆಯೂ ಬೇಕಾಗುತ್ತದೆ. ನನ್ನ ಬಳಿ ಇಂಗ್ಲಿಷ್ ಎಂ.ಎ. ಇತ್ತು, ಬಿ.ಎಡ್. ಇರಲಿಲ್ಲ. ಹೀಗಾಗಿ ಥಾಯ್ಲೆಂಡನ್ನು ಆರಿಸಿಕೊಂಡೆ. ಇಂಗ್ಲಿಷ್ ಮಾತೃಭಾಷೆಯಲ್ಲದವರನ್ನೂ ಅಲ್ಲಿನ ಶಾಲೆಗಳು ತೆಗೆದುಕೊಳ್ಳುತ್ತವೆ. ಯಾವುದಾದರೂ ಪದವಿ ಮತ್ತು ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಟೊಯಿಕ್ ಪರೀಕ್ಷೆಯಲ್ಲಿ 990ಕ್ಕೆ ಕನಿಷ್ಠ 600 ಅಂಕ ಕೇಳುವುದು ವಾಡಿಕೆ. ಎರಡು ಗಂಟೆಯಲ್ಲಿ 200 ಪ್ರಶ್ನೆಗಳಿಗೆ ಉತ್ತರಿಸಬೇಕಾದ ಈ ಪರೀಕ್ಷೆ ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಕಷ್ಟವಲ್ಲ, ವೇಗ ರೂಢಿಸಿಕೊಂಡರೆ ಸಾಕು. ಅದರ ಫಲಿತಾಂಶಕ್ಕೆ ಎರಡೇ ವರ್ಷದ ಆಯಸ್ಸು ಎಂಬ ಕಾರಣಕ್ಕೆ ನಾನು ಅದನ್ನು ಕೊನೆಗೆ ಇಟ್ಟುಕೊಂಡೆ.

ನಿಜವಾದ ಶ್ರಮ ಬೇಡಿದ್ದು ಸೆಲ್ಟಾ. ಇಂಗ್ಲಿಷ್ ಕಲಿಸುವವರಿಗಾಗಿ ಕೇಂಬ್ರಿಜ್ ನಡೆಸುವ ಈ ತರಬೇತಿಯಲ್ಲಿ ಕನಿಷ್ಠ 120 ಗಂಟೆಗಳ ಕಲಿಕೆ, ನಾಲ್ಕು ಲಿಖಿತ ನಿಯೋಜನೆಗಳು ಮತ್ತು ನಿಜವಾದ ವಿದ್ಯಾರ್ಥಿಗಳಿಗೆ ತರಬೇತುದಾರರ ಎದುರಿನಲ್ಲೇ ಪಾಠ ಮಾಡುವ ಆರು ಗಂಟೆಗಳು ಸೇರಿರುತ್ತವೆ. ಥಾಯ್ಲೆಂಡಿನ ಬಹುತೇಕ ಶಾಲೆಗಳಿಗೆ ಇದಕ್ಕಿಂತ ಅಗ್ಗದ ಟೆಫಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ) ಪ್ರಮಾಣಪತ್ರವೇ ಸಾಕು. ಆದರೆ ಪಾಠ ಮಾಡಿಸದೆ ವೀಡಿಯೊ ನೋಡಿಸಿ ಕೊಡುವ ಪ್ರಮಾಣಪತ್ರದಿಂದ ಕೆಲಸ ಸಿಕ್ಕೀತೇ ಹೊರತು ಕೆಲಸ ಬಂದೀತು ಎಂದು ನನಗೆ ಅನ್ನಿಸಲಿಲ್ಲ.

ನಾನು ಆನ್‌ಲೈನ್ ರೂಪದಲ್ಲಿ ಸೇರಿದ್ದರಿಂದ ಪಾಠ ಕೇಳುವವರು ಬೇರೆ ಬೇರೆ ದೇಶದವರಾಗಿದ್ದರು, ಮತ್ತು ಅವರಿಗೂ ನನಗೂ ನಡುವೆ ಇಂಗ್ಲಿಷನ್ನು ಬಿಟ್ಟರೆ ಬೇರೆ ಭಾಷೆಯೇ ಇರಲಿಲ್ಲ. ನಮ್ಮ ಶಾಲೆಗಳಲ್ಲಿ ‘ಯೂಸ್ಡ್ ಟು’ ಎಂಬ ಪ್ರಯೋಗ ಬಂದರೆ, ‘ಮುಂಚೆ ಮಾಡ್ತಿದ್ದೆ, ಈಗ ಮಾಡಲ್ಲ ಅಂತ ಅರ್ಥ’ ಎಂದು ಮೇಷ್ಟ್ರು ಒಂದು ಮಾತಿನಲ್ಲಿ ಮುಗಿಸುತ್ತಾರೆ, ಮಕ್ಕಳಿಗೂ ಅದು ತಟ್ಟನೆ ತಿಳಿಯುತ್ತದೆ. ಆ ಅನುಕೂಲ ಇಲ್ಲದೆ ಅದನ್ನು ಕಲಿಸಬೇಕಾದಾಗ ನಾನು ಹಾಸನದ ನಮ್ಮ ಹಳೆಯ ಮನೆಯ ಚಿತ್ರವನ್ನೂ ಬೆಂಗಳೂರಿನ ಬಾಡಿಗೆ ಕೋಣೆಯ ಚಿತ್ರವನ್ನೂ ತೋರಿಸಿ, ಅವುಗಳ ಕೆಳಗೆ ಕಾಲದ ಗೆರೆಯೊಂದನ್ನು ಎಳೆದು, ‘ಐ ಯೂಸ್ಡ್ ಟು ಲಿವ್ ಇನ್ ಹಾಸನ್’ ಎಂದು ಹೇಳಿ, ಬಳಿಕ ಸಣ್ಣ ಪ್ರಶ್ನೆಗಳನ್ನು ಕೇಳಿದೆ. ನಾನು ಈಗ ಹಾಸನದಲ್ಲಿದ್ದೇನೆಯೇ? ಹಿಂದೆ ಇದ್ದೆನೇ? ಒಂದು ದಿನ ಇದ್ದೆನೇ, ಬಹಳ ಕಾಲ ಇದ್ದೆನೇ? ಹೌದು, ಇಲ್ಲ ಎಂಬ ಉತ್ತರಗಳಲ್ಲೇ ಯಾರಿಗೆ ಅರ್ಥವಾಗಿದೆ, ಯಾರಿಗಿಲ್ಲ ಎಂಬುದು ಬಯಲಾಗುತ್ತದೆ. ‘ಅರ್ಥವಾಯಿತೇ?’ ಎಂದು ಕೇಳುವುದಕ್ಕೆ ಅಲ್ಲಿ ಬೆಲೆಯಿಲ್ಲ, ಏಕೆಂದರೆ ಎಲ್ಲರೂ ಆಯಿತೆಂದೇ ತಲೆಯಾಡಿಸುತ್ತಾರೆ. ಪ್ರತಿ ಪಾಠಕ್ಕೂ ನಿಮಿಷದ ಲೆಕ್ಕದಲ್ಲಿ ಯೋಜನೆ ಬರೆದು, ಶಿಕ್ಷಕರ ಮಾತು ಎಷ್ಟು, ಕಲಿಯುವವರ ಮಾತು ಎಷ್ಟು ಎಂದು ಮುಂಚಿತವಾಗಿ ತೋರಿಸಬೇಕಿತ್ತು. ಶೇಕ್ಸ್‌ಪಿಯರ್ ಕುರಿತು ಗಂಟೆಗಟ್ಟಲೆ ಮಾತಾಡಲು ಬಲ್ಲ ನಮ್ಮಂಥವರಿಗೆ ಬಾಯಿ ಮುಚ್ಚಿಕೊಳ್ಳುವುದೇ ದೊಡ್ಡ ವಿದ್ಯೆ.

ಇನ್ನೊಂದು ಸಿದ್ಧತೆ ಉಚ್ಚಾರಣೆಯದು. ವಿದೇಶಿ ಶೈಲಿಯನ್ನು ನಟಿಸುವ ಗೋಜಿಗೆ ನಾನು ಹೋಗಲಿಲ್ಲ. ಕೇಳುವವರಿಗೆ ಗೊಂದಲವಾಗುವ ಅಂಶಗಳನ್ನಷ್ಟೇ ತಿದ್ದಿಕೊಂಡೆ. ದ್ರಾಕ್ಷಿಯ ಬಳ್ಳಿಗೂ (vine) ಅದರ ಮದ್ಯಕ್ಕೂ (wine) ಇಂಗ್ಲಿಷಿನಲ್ಲಿರುವ ಉಚ್ಚಾರದ ಅಂತರವನ್ನು ನಮ್ಮ ವಕಾರ ನುಂಗಿಹಾಕುತ್ತದೆ, ‘ಎಗ್’ ನಮ್ಮ ಬಾಯಲ್ಲಿ ‘ಯೆಗ್’ ಆಗುತ್ತದೆ, ಪದದ ಯಾವ ಭಾಗಕ್ಕೆ ಒತ್ತು ಬೀಳಬೇಕೆಂಬುದನ್ನು ನಾವು ಲೆಕ್ಕಿಸುವುದೇ ಇಲ್ಲ. ಮೊಬೈಲಿನಲ್ಲಿ ನನ್ನ ಓದನ್ನು ಮುದ್ರಿಸಿಕೊಂಡು ಕೇಳುವುದು ನಿತ್ಯದ ಅಭ್ಯಾಸವಾಯಿತು. ಥಾಯ್ ಮಕ್ಕಳ ತೊಡಕುಗಳೇನೆಂದು ಮೊದಲೇ ಓದಿಕೊಂಡದ್ದೂ ಒಳ್ಳೆಯದಾಯಿತು. ಪದದ ಕೊನೆಯಲ್ಲಿ ಬರುವ ಲಕಾರ ಅವರಲ್ಲಿ ನಕಾರವಾಗಿ ‘ಫುಟ್‌ಬಾಲ್’ ಎಂಬುದು ‘ಫುಟ್‌ಬಾನ್’ ಎಂದು ಕೇಳಿಸುತ್ತದೆ, ‘ಬಸ್’ ಎಂಬುದರ ಕೊನೆಯ ಸಕಾರ ತಕಾರಕ್ಕೆ ತಿರುಗುತ್ತದೆ. ನಾವು ಕೊನೆಗೆ ಉಕಾರ ಸೇರಿಸಿ ‘ಬಸ್ಸು’ ಎನ್ನುತ್ತೇವೆ, ಅವರು ಕೊನೆಯನ್ನೇ ಬದಲಿಸುತ್ತಾರೆ. ಥಾಯ್ ಕ್ರಿಯಾಪದಗಳು ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲವಾದ್ದರಿಂದ ಭೂತಕಾಲದ ಪಾಠಕ್ಕೆ ಹೆಚ್ಚು ಸಮಯ ಇಡಬೇಕೆಂಬುದೂ ಆಗಲೇ ತಿಳಿಯಿತು.

ಕಾಗದಪತ್ರಗಳ ಕೆಲಸವನ್ನು ಕೊನೆಯ ಸೆಮಿಸ್ಟರ್‌ನಲ್ಲಿದ್ದಾಗಲೇ ಆರಂಭಿಸುವುದು ಉತ್ತಮ. ಪಿಡಿಸಿಯನ್ನು, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರವನ್ನು, ಹೆಚ್ಚಿನ ಕಡೆ ಒಪ್ಪುವುದಿಲ್ಲ, ಘಟಿಕೋತ್ಸವದ ಪ್ರಮಾಣಪತ್ರವೇ ಬೇಕು. ಒಂದೇ ಮುದ್ರೆಯಿಂದ ದಾಖಲೆಯನ್ನು ಇತರ ಸದಸ್ಯ ದೇಶಗಳು ಒಪ್ಪುವ ಹೇಗ್ ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲೇ ಸೇರಿದ್ದರೂ ನಾನು ಹೊರಟಾಗ ಥಾಯ್ಲೆಂಡ್ ಅದರಲ್ಲಿ ಇರಲಿಲ್ಲ. ಆದ್ದರಿಂದ ಪದವಿ ಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಕೊನೆಗೆ ರಾಯಭಾರ ಕಚೇರಿಯ ಮುದ್ರೆ ಎಂಬ ಕ್ರಮದಲ್ಲಿ ಸಾಗಬೇಕಾಯಿತು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿ ಶುಲ್ಕಕ್ಕೆ ಸಿಗುತ್ತದೆ. ಕನ್ನಡಿಗರು ಮುಖ್ಯವಾಗಿ ಗಮನಿಸಬೇಕಾದದ್ದು ಇನಿಷಿಯಲ್. ಎಸ್ಸೆಸ್ಸೆಲ್ಸಿಯಿಂದ ಎಂ.ಎ.ವರೆಗೆ ನನ್ನ ಅಂಕಪಟ್ಟಿಗಳಲ್ಲಿ ಊರು ಮತ್ತು ತಂದೆಯ ಹೆಸರುಗಳು ಎರಡು ಅಕ್ಷರಗಳಾಗಿದ್ದವು, ಪಾಸ್‌ಪೋರ್ಟಿನಲ್ಲಿ ಅವು ಪೂರ್ತಿ ವಿಸ್ತರಿಸಿದ್ದವು. ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಎದುರು ಮಾಡಿಸಿದ ಅಫಿಡವಿಟ್ ಪ್ರತಿ ಹಂತದಲ್ಲೂ ಕೆಲಸಕ್ಕೆ ಬಂತು. ಟೊಯಿಕ್ ಮತ್ತು ಸೆಲ್ಟಾ ಎರಡಕ್ಕೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಕೊಟ್ಟಿದ್ದೆ.

ಅಲ್ಲಿನ ಶಾಲಾ ವರ್ಷ ಮೇ ತಿಂಗಳ ನಡುವೆ ಆರಂಭವಾಗುವುದರಿಂದ ಫೆಬ್ರವರಿಯಿಂದಲೇ ಅರ್ಜಿ ಹಾಕತೊಡಗಿದೆ. ಮೊದಲೇ ಅಲ್ಲಿ ಕಲಿಸುತ್ತಿದ್ದ ನಮ್ಮ ಕಾಲೇಜಿನ ಅಕ್ಕ ಒಬ್ಬರು, ‘ಟೂರಿಸ್ಟ್ ವೀಸಾದಲ್ಲಿ ಬಾ, ಆಮೇಲೆ ಬದಲಿಸೋಣ ಅನ್ನೋರ ಮಾತು ಕೇಳಬೇಡಮ್ಮ’ ಎಂದು ಎಚ್ಚರಿಸಿದ್ದರು. ಶಾಲೆಯ ಪತ್ರಗಳ ಆಧಾರದ ಮೇಲೆ ನಾನ್-ಇಮಿಗ್ರೆಂಟ್ ಬಿ ವೀಸಾ ಪಡೆದೇ ಹೊರಡುವುದು, ಬಳಿಕ ಅಲ್ಲಿನ ಶಿಕ್ಷಕರ ಮಂಡಳಿಯಾದ ಖುರುಸಫಾದಿಂದ ಕಲಿಸಲು ತಾತ್ಕಾಲಿಕ ಅನುಮತಿ ಹಾಗೂ ಕೆಲಸದ ಪರವಾನಗಿ ಪಡೆಯುವುದು ಸರಿಯಾದ ದಾರಿ. ಕರಾರಿಗೆ ಸಹಿ ಹಾಕುವ ಮುನ್ನ ನಾನು ಕೇಳಿ, ಬರಹದಲ್ಲಿ ಪಡೆದುಕೊಂಡದ್ದು ಮೂರು ವಿಷಯ: ಪರವಾನಗಿಯಲ್ಲಿ ನನ್ನ ಉದ್ಯೋಗದಾತರಾಗಿ ಇರುವುದು ಶಾಲೆಯೋ ಏಜೆನ್ಸಿಯೋ, ಅದರ ಖರ್ಚು ಯಾರದು, ಮತ್ತು ಮಾರ್ಚ್–ಏಪ್ರಿಲ್ ರಜೆಯಲ್ಲಿ ಸಂಬಳ ಉಂಟೋ ಇಲ್ಲವೋ.