ಬೈಕಿನ ಅಲ್ಯೂಮಿನಿಯಂಗೆ ಯಾವ ಫಿನಿಶ್? ಬಳ್ಳಾರಿ ಧೂಳಿಗೆ ತಕ್ಕ ಆಯ್ಕೆ

ತೋರಣಗಲ್ಲು ರಸ್ತೆಯಲ್ಲಿ ಒಂದು ವಾರ ಓಡಿದ ಬೈಕಿನ ಕ್ಲಚ್ ಕವರ್ ಮೇಲೆ ಬೆರಳಾಡಿಸಿ ನೋಡಿ. ಬೆರಳಿಗೆ ಹತ್ತುವ ಕೆಂಧೂಳಿನಲ್ಲಿ ಕಬ್ಬಿಣದ ಅದಿರು ಬೆರೆತಿರುತ್ತದೆ, ಅದು ಅಲ್ಯೂಮಿನಿಯಂಗಿಂತ ಎಷ್ಟೋ ಗಟ್ಟಿ. ಅಕ್ಕಸಾಲಿಗರು ಹೊಳಪಿಗೆ ಬಳಸುವ ಕೆಂಪು ರೂಜ್ ಸಹ ಕಬ್ಬಿಣದ ಆಕ್ಸೈಡೇ. ಆದರೆ ರೂಜ್ ಹಿಟ್ಟಿನಷ್ಟು ನುಣುಪು, ಲಾರಿಯಿಂದ ಉದುರಿದ ಧೂಳಿನಲ್ಲಿ ಕಾಳು ಕಾಳು. ಒಣ ಬಟ್ಟೆಯಲ್ಲಿ ಒರೆಸಿದ ಪ್ರತಿ ಸಲ ಕವರ್ ಮೇಲೆ ಗೀರು ಬೀಳುತ್ತದೆ.

‘ಅಣ್ಣಾ, ಕನ್ನಡಿ ಹಂಗ ಹೊಳಿಬೇಕು ನೋಡ್ರಿ’ ಅಂತ ಹುಡುಗರು ಕವರ್ ಹಿಡಿದುಕೊಂಡು ಬರುತ್ತಾರೆ. ವಾರಕ್ಕೊಮ್ಮೆ ಕೂತು ಉಜ್ಜುವ ತಾಳ್ಮೆ ಇದ್ದರೆ ಸರಿ. ದಿನಾ ಕೆಲಸಕ್ಕೆ ಓಡುವ ಗಾಡಿಗೆ ನಾನು ಹೇಳುವುದು ಮಂದ ಹೊಳಪಿನ ಸ್ಯಾಟಿನ್ ಫಿನಿಶ್. ಗೀರು ಬಿದ್ದರೂ ಕಣ್ಣಿಗೆ ಹೊಡೆಯುವುದಿಲ್ಲ, ಹತ್ತು ನಿಮಿಷದಲ್ಲಿ ಮನೆಯಲ್ಲೇ ಸರಿಮಾಡಬಹುದು.

ಹಂತ 1: ಯಾವ ಭಾಗಕ್ಕೆ ಯಾವುದು

ಇಂಜಿನ್ ಕವರ್‌ಗಳಿಗೆ ಸ್ಯಾಟಿನ್. ಅಲಾಯ್ ವೀಲ್‌ಗೆ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಹೊಡೆದು ಒಲೆಯಲ್ಲಿ ಬೇಯಿಸುವ ಲೇಪ. ಗಂಗಾವತಿ ಕಡೆಯ ಗದ್ದೆ ಕೆಸರು, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ ಎರಡನ್ನೂ ಅದು ತಡೆಯುತ್ತದೆ. ಕೋಟಿಂಗ್ ಒಲೆಯಲ್ಲಿ 180ರಿಂದ 200 ಡಿಗ್ರಿ ಶಾಖ ಇರುವುದರಿಂದ ಟೈರ್, ಬೇರಿಂಗ್, ಸೀಲ್ ಎಲ್ಲ ಬಿಚ್ಚಿಯೇ ಕೊಡಿ. ಹಳೇ ಬಣ್ಣವನ್ನು ಬೆಂಕಿಯಲ್ಲಿ ಸುಟ್ಟು ತೆಗೆಯುತ್ತೇವೆ ಎನ್ನುವ ಅಂಗಡಿಗೆ ವೀಲ್ ಕೊಡಲೇಬೇಡಿ, ಹೆಚ್ಚು ಕಾವಿಗೆ ಲೋಹದ ಬಲ ಕುಗ್ಗುತ್ತದೆ. ಗಾಳಿಯಿಂದ ತಣಿಯುವ ಇಂಜಿನ್ನಿನ ಫಿನ್‌ಗಳಿಗೆ, ಅಂದರೆ ಮೈಮೇಲಿನ ತೆಳು ಪಟ್ಟಿಗಳಿಗೆ, ದಪ್ಪ ಪೌಡರ್ ಬೇಡ, ಶಾಖ ತಾಳುವ ಕಪ್ಪು ಪೇಂಟ್ ತೆಳುವಾಗಿ ಹೊಡೆಸಿ.

ಅನೋಡೈಸಿಂಗ್ (ವಿದ್ಯುತ್ ಹಾಯಿಸಿ ಲೋಹದ ಮೇಲೆ ಗಟ್ಟಿ ಪದರ ಬೆಳೆಸುವುದು) ಲೇತ್‌ನಲ್ಲಿ ಕಡೆದ ಕ್ಲಾಂಪ್, ಲಿವರ್‌ಗಳಿಗೆ ಚೆನ್ನ. ಎರಕದ ಕವರ್‌ಗಳಲ್ಲಿ ಸಿಲಿಕಾನ್ ಹೆಚ್ಚಿರುವುದರಿಂದ ಬೂದು ಮಚ್ಚೆ ಮಚ್ಚೆಯಾಗಿ ಬರುತ್ತದೆ. ಕೆಂಪು, ನೀಲಿ ಬಣ್ಣದ ಅನೋಡೈಸಿಂಗ್ ನಮ್ಮ ಬಿಸಿಲಿಗೆ ಮಾಸುವುದೂ ಬೇಗ.

ಹಂತ 2: ಆಯಿಲ್ ಇಳಿಸಿ, ಕವರ್ ಬಿಚ್ಚಿ, ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ಜಿಡ್ಡು ತೊಳೆದು ಸೋಪಿನ ನೀರು ಹಾಕಿ ಒಣಗಿಸಿ.

ಹಂತ 3: ಹಳೇ ಲ್ಯಾಕರ್ ತೆಗೆಯುವುದು

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಕಂಪನಿಯಿಂದ ಬಂದ ಕವರ್ ಮೇಲೆ ಕಣ್ಣಿಗೆ ಕಾಣದ ಪಾರದರ್ಶಕ ಲ್ಯಾಕರ್ ಪದರ ಇರಬಹುದು. ಅದರ ಮೇಲೆ ಎಷ್ಟು ಪಾಲಿಶ್ ತಿಕ್ಕಿದರೂ ಲೋಹ ಮುಟ್ಟುವುದಿಲ್ಲ. ಪರೀಕ್ಷೆ ಸುಲಭ: ಬಿಳಿ ಬಟ್ಟೆಗೆ ಕಡಲೆಕಾಳಿನಷ್ಟು ಮೆಟಲ್ ಪಾಲಿಶ್ ಹಚ್ಚಿ ಉಜ್ಜಿ. ಬಟ್ಟೆ ಕಪ್ಪಾದರೆ ಲೋಹ ತೆರೆದಿದೆ. ಬಟ್ಟೆ ಬೆಳ್ಳಗೇ ಉಳಿದರೆ ಲ್ಯಾಕರ್ ಇನ್ನೂ ಕೂತಿದೆ.

ಜೆಲ್ ರೂಪದ ಪೇಂಟ್ ರಿಮೂವರ್ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ನಮ್ಮ ಬೇಸಿಗೆಯಲ್ಲಿ ಮುಚ್ಚದಿದ್ದರೆ ಐದು ನಿಮಿಷಕ್ಕೆ ಒಣಗಿ ಇನ್ನಷ್ಟು ಗಟ್ಟಿ ಕೂರುತ್ತದೆ, ಹಾಗಾಗಿ ಬೆಳಗಿನ ಹೊತ್ತು, ನೆರಳಲ್ಲಿ, ಗಾಳಿಯಾಡುವ ಕಡೆ ಮಾಡಿ. ರಬ್ಬರ್ ಕೈಗವಸು, ಕನ್ನಡಕ ಬೇಕೇ ಬೇಕು. ಪದರ ಸುಕ್ಕಾಗಿ ಎದ್ದ ಮೇಲೆ ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಮೂಲೆಗಳಿಗೆ ಎರಡನೇ ಸಲ ಹಚ್ಚಬೇಕಾಗುತ್ತದೆ.

ಕಾಸ್ಟಿಕ್ ಸೋಡಾ ಮುಟ್ಟಲೇಬೇಡಿ. ನನಗೆ ಪರಿಚಯದ ಹುಡುಗ ಯಾರದೋ ಮಾತು ಕೇಳಿ ತಂದೆಯ ಹಳೇ ಬೈಕಿನ ಕವರ್ ಅದರಲ್ಲಿ ಮುಳುಗಿಸಿಟ್ಟ. ನೊರೆ ಬುಸುಗುಟ್ಟಿದಾಗ ಕೊಳೆ ಬಿಡುತ್ತಿದೆ ಅಂದುಕೊಂಡನಂತೆ. ಕರಗುತ್ತಿದ್ದದ್ದು ಅಲ್ಯೂಮಿನಿಯಮ್ಮೇ. ತೆಗೆದಾಗ ಕವರ್ ಇದ್ದಿಲಿನಂತೆ ಕಪ್ಪು, ಆಯಿಲ್ ಸೋರದಂತೆ ತಡೆಯುವ ಪ್ಯಾಕಿಂಗ್ ಕೂರುವ ಅಂಚೆಲ್ಲ ಗುಳಿ ಗುಳಿ. ಆ ಮಾಡೆಲ್ಲಿನ ಕವರ್ ಈಗ ಸಿಗುವುದೂ ಇಲ್ಲ. ವಾಟರ್ ಸರ್ವಿಸ್‌ನಲ್ಲಿ ‘ಬೆಳ್ಳಗ ಮಾಡ್ತೀವಿ’ ಅಂತ ಆಸಿಡ್ ಹೊಡೆದರೂ ನಾಲ್ಕೇ ದಿನಕ್ಕೆ ಹೊಳಪು ಸತ್ತು ಮಂಕಾಗುತ್ತದೆ.

ಹಂತ 4: ಉಜ್ಜುವುದು

ನೀರು ಹಾಕಿ ಉಜ್ಜುವ ವಾಟರ್ ಪೇಪರ್ 320, 400, 600 ತನ್ನಿ, ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು. ಆಳದ ಗೀರಿದ್ದರೆ ಮಾತ್ರ 240ರಿಂದ ಶುರು. ಪೇಪರನ್ನು ಹಳೇ ಟ್ಯೂಬ್ ಸುತ್ತಿದ ಮರದ ತುಂಡಿಗೆ ಸುತ್ತಿ, ಬರೀ ಬೆರಳಲ್ಲಿ ಒತ್ತಿದರೆ ಬೆರಳಿನ ಸಾಲು ಮೂಡುತ್ತದೆ. ನೀರಿಗೆ ಒಂದು ಹನಿ ಸೋಪು. 320 ಉದ್ದಕ್ಕೆ ಉಜ್ಜಿದರೆ 400 ಅಡ್ಡಕ್ಕೆ ಉಜ್ಜಿ, ಹಿಂದಿನ ಗೆರೆಗಳೆಲ್ಲ ಅಳಿಯುವವರೆಗೂ ಮುಂದಿನ ಪೇಪರ್ ಕೈಗೆತ್ತಿಕೊಳ್ಳಬೇಡಿ. ಬೆಳಗಿನ ಓರೆ ಬಿಸಿಲಿಗೆ ಹಿಡಿದು ನೋಡಿದರೆ ಉಳಿದ ಗೆರೆ ಎದ್ದು ಕಾಣುತ್ತದೆ. ಪೇಪರ್ ಬದಲಿಸಿದಾಗಲೆಲ್ಲ ಬಕೆಟ್ ನೀರೂ ಬದಲಿಸಿ, ಕೈ, ಕವರ್ ಎರಡೂ ತೊಳೆಯಿರಿ. 320ರ ಒಂದು ಕಾಳು ಉಳಿದರೂ ಸಾಕು, 600ರ ಕೆಲಸವೆಲ್ಲ ಹಾಳು.

600 ಮುಗಿದ ಮೇಲೆ ಬೂದು ಬಣ್ಣದ ಸ್ಕಾಚ್‌ಬ್ರೈಟ್‌ನಲ್ಲಿ ಒಂದೇ ದಿಕ್ಕಿಗೆ, ಉದ್ದನೆಯ ಎಳೆತದಲ್ಲಿ ಎಳೆಯಿರಿ. ಸ್ಯಾಟಿನ್ ಅಂದರೆ ಇಷ್ಟೇ. ಪಾತ್ರೆ ತಿಕ್ಕುವ ಕಬ್ಬಿಣದ ನಾರು ಬೇಡ, ಅದರ ಚೂರು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ಮಳೆಗಾಲಕ್ಕೆ ತುಕ್ಕಿನ ಚುಕ್ಕಿ ಏಳುತ್ತದೆ.

ಕನ್ನಡಿ ಹೊಳಪೇ ಬೇಕೆಂದರೆ 800, 1000, 1500, 2000ರವರೆಗೂ ಹೀಗೇ ಹೋಗಿ, ಆಮೇಲೆ ಬಫಿಂಗ್, ಅಂದರೆ ಮೋಟಾರಿನಲ್ಲಿ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ತರುವುದು. ಆ ಚಕ್ರ ಕೈಯಲ್ಲಿರುವ ಭಾಗವನ್ನು ಕಿತ್ತೆಸೆಯಬಲ್ಲದು, ಹಾಗಾಗಿ ಅಂಚನ್ನು ತಿರುಗುವ ದಿಕ್ಕಿಗೆ ಎದುರಾಗಿ ಎಂದೂ ಹಿಡಿಯಬೇಡಿ. ಮುಖಕ್ಕೆ ಮಾಸ್ಕ್ ಇರಲಿ. ಅಲ್ಯೂಮಿನಿಯಂ ಪುಡಿ ಬಿದ್ದ ಜಾಗದಲ್ಲಿ ಕಬ್ಬಿಣ ಗ್ರೈಂಡ್ ಮಾಡಿ ಕಿಡಿ ಹಾರಿಸಬೇಡಿ, ಬೆಂಕಿ ಹತ್ತುತ್ತದೆ.

ಹಂತ 5: ಕಾಪಾಡುವುದು

ತೊಳೆದು ಒಣಗಿಸಿ ಕಾರ್ನೌಬಾ ವ್ಯಾಕ್ಸ್ ತೆಳುವಾಗಿ ಹಚ್ಚಿ, ತಿಂಗಳಿಗೊಮ್ಮೆ ಮತ್ತೆ. ಮೇಲೆ ಕ್ಲಿಯರ್ ಲ್ಯಾಕರ್ ಹೊಡೆಸಬೇಡಿ. ಒಂದು ಕಲ್ಲು ತಗುಲಿ ಪದರ ಒಡೆದರೆ ಅಲ್ಲಿಂದ ನೀರು ಒಳನುಗ್ಗಿ, ಹುಳು ಹರಿದ ಹಾಗೆ ಬಿಳಿ ಗೆರೆಗಳು ಹಬ್ಬುತ್ತವೆ. ಆಗ ಮೂರನೇ ಹಂತದಿಂದ ಎಲ್ಲ ಮೊದಲಾಗುತ್ತದೆ. ಅಂಗಡಿಯ ಸಿಲ್ವರ್ ಸ್ಪ್ರೇ ಡಬ್ಬಿಯೂ ಬೇಡ, ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಮೊದಲು ಹೊಡೆಯದೆ ಅಲ್ಯೂಮಿನಿಯಂ ಮೇಲೆ ಅದು ನಿಲ್ಲುವುದಿಲ್ಲ.

ಧೂಳು ಕೂತಾಗ ಮೊದಲು ನೀರು ಹೊಯ್ದು ಇಳಿಸಿ, ಬಟ್ಟೆ ಆಮೇಲೆ.

ಹಂತ 6: ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟುಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿದು, ಆಯಿಲ್ ತುಂಬಿಸಿ. ಇಂಜಿನ್ ಐದು ನಿಮಿಷ ಓಡಿಸಿ, ಕವರ್ ಕೆಳಗೆ ಬಿಳಿ ಕಾಗದ ಹಾಸಿ ಹನಿ ಬೀಳುತ್ತದೆಯೇ ನೋಡಿ.